ಮಿನಿ ಟಮಿಯಾ ತೆಗೆದು ಎಕ್ಸ್‌ಟಿ30: ಏರ್‌ಸಾಫ್ಟ್ ಗನ್ನಿನ ಕನೆಕ್ಟರ್ ಬದಲಾಯಿಸುವ ಕೆಲಸ

ಟೇಬಲ್ ಮೇಲಿರುವುದು ಬ್ಯಾಟರಿ, ಮೋಟರಿನಿಂದ ಪ್ಲಾಸ್ಟಿಕ್ ಗುಂಡು ಹೊಡೆಯುವ, ಎಂ4 ರೈಫಲ್ ಮಾದರಿಯ ಎಲೆಕ್ಟ್ರಿಕ್ ಏರ್‌ಸಾಫ್ಟ್ ಗನ್. ವೈರುಗಳು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗಿ ಸ್ಟಾಕಿನ ಕೊಳವೆಯಾದ ಬಫರ್ ಟ್ಯೂಬಿನೊಳಗೆ ಬರುತ್ತವೆ. ಕಂಪನಿಯಿಂದಲೇ ಬಂದ 18 ಗೇಜ್ ವೈರು, ತುದಿಯಲ್ಲಿ ಬಿಳಿ ಮಿನಿ ಟಮಿಯಾ ಕನೆಕ್ಟರ್. 7.4 ವೋಲ್ಟ್ ಬ್ಯಾಟರಿಯಲ್ಲಿ ಸರಿಯಾಗಿ ಓಡುತ್ತಿದ್ದದ್ದು 11.1 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿದ ಮೇಲೆ ಕೈಕೊಡತೊಡಗಿದೆ. ಟ್ರಿಗರ್ ಎಳೆದರೆ ಒಮ್ಮೊಮ್ಮೆ ಮೋಟರ್ ತಡವಾಗಿ ಏಳುತ್ತದೆ, ಒಂದೆರಡು ಮ್ಯಾಗಜೀನ್ ಖಾಲಿಯಾಗುವಷ್ಟರಲ್ಲಿ ಕನೆಕ್ಟರ್ ಮುಟ್ಟಲಾರದಷ್ಟು ಬಿಸಿ. ಬಿಚ್ಚಿ ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದೆ, ಪಿನ್ ಸ್ವಲ್ಪ ಹಿಂದಕ್ಕೆ ಸರಿದಿದೆ.

ಇಂಥ ಲಕ್ಷಣ ಕಂಡ ಕೂಡಲೇ ಹೆಚ್ಚಿನವರು ಮೋಟರ್ ಮೇಲೆ ಗುಮಾನಿ ಪಡುತ್ತಾರೆ, ಇಲ್ಲವೇ ದಪ್ಪ ವೈರು ಹಾಕಲು ಹೊರಡುತ್ತಾರೆ. ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಹೋಗುವುದು, ಬರುವುದು ಎರಡೂ ಸೇರಿ ಗನ್ನಿನಲ್ಲಿ 60 ಸೆಂಟಿಮೀಟರ್ ವೈರು ಇದೆ ಎಂದುಕೊಳ್ಳಿ. ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ: 18 ಗೇಜ್ ತಾಮ್ರದ ವೈರಿಗೆ ಮೀಟರಿಗೆ ಸುಮಾರು 21 ಮಿಲಿಓಮ್, 16 ಗೇಜಿಗೆ 13, 14 ಗೇಜಿಗೆ 8.3. ಅಂದರೆ 20 ಆಂಪಿಯರ್ ಹರಿಯುವಾಗ 18 ಗೇಜಿನಲ್ಲಿ ಕಾಲು ವೋಲ್ಟ್ ಬೀಳುತ್ತದೆ, 16 ಗೇಜಿನಲ್ಲಿ 0.16. ಉಳಿತಾಯ ಬರೀ 0.09 ವೋಲ್ಟ್. ಈಗ ಕನೆಕ್ಟರ್ ನೋಡಿ. ಸಡಿಲಾದ, ಕಪ್ಪುಗಟ್ಟಿದ ಮಿನಿ ಟಮಿಯಾ ಪಿನ್ ಒಂದೊಂದಕ್ಕೆ 20 ಮಿಲಿಓಮ್ ಹಿಡಿದರೂ ಎರಡು ಪಿನ್ ಸೇರಿ ಅದೇ 20 ಆಂಪಿಯರಿಗೆ 0.8 ವೋಲ್ಟ್ ತಿಂದುಹಾಕುತ್ತವೆ. ಒಂದೊಂದು ಪಿನ್ನಿನಲ್ಲಿ 8 ವಾಟ್ ಬಿಸಿ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ತಗಡಿನ ಕೊಳವೆಯಲ್ಲಿ ಸಣ್ಣ ಸೋಲ್ಡರಿಂಗ್ ಐರನ್ನಿನ ಮೂರನೇ ಒಂದು ಭಾಗದ ಶಾಖ. ಪ್ಲಾಸ್ಟಿಕ್ ಕಂದಾಗದೆ ಇನ್ನೇನಾದೀತು!

ಇದು ತನ್ನಷ್ಟಕ್ಕೇ ಬೆಳೆಯುವ ರೋಗ ಕೂಡ. ಬಿಸಿಗೆ ಪಿನ್ನಿನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಕಡಿಮೆಯಾದಂತೆ ರೋಧ ಏರುತ್ತದೆ, ರೋಧ ಏರಿದಂತೆ ಮತ್ತಷ್ಟು ಬಿಸಿ. ಇಕ್ಕಳದಲ್ಲಿ ಪಿನ್ ಅಮುಕಿ ಬಿಗಿ ಮಾಡಿದರೆ ಅಂದಿನ ಆಟಕ್ಕೆ ಆದೀತು, ಅಷ್ಟೇ. ಆದ್ದರಿಂದ ಮೊದಲು ಕನೆಕ್ಟರ್, ಆಮೇಲೆ ಬೇಕಿದ್ದರೆ ವೈರು.

ಯಾವುದು ಹಾಕುವುದು

ಮಿನಿ ಟಮಿಯಾವನ್ನೇ ಸಾರಾಸಗಟಾಗಿ ಬೈಯಬೇಕಿಲ್ಲ. ಕಂಪನಿ ಸ್ಪ್ರಿಂಗ್, ಕಂಪನಿ ಮೋಟರ್, 7.4 ವೋಲ್ಟ್ ಲಿಪೊ ಅಥವಾ 8.4 ವೋಲ್ಟ್ ನಿಕಲ್ ಬ್ಯಾಟರಿ ಇರುವ ಗನ್ನಿಗೆ ಅದು ಸಾಕು. ಬಿಗಿ ಸ್ಪ್ರಿಂಗ್, ಹೆಚ್ಚು ಟಾರ್ಕಿನ ಮೋಟರ್, 11.1 ವೋಲ್ಟ್ ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ಅದರ ಕಾಲ ಮುಗಿಯಿತು. ಮೋಟರ್ ನಿಂತ ಸ್ಥಿತಿಯಿಂದ ಏಳುವಾಗ ಕರೆಂಟನ್ನು ತಡೆಯುವುದು ಸುರುಳಿ, ವೈರು, ಕನೆಕ್ಟರ್ ಮತ್ತು ಬ್ಯಾಟರಿಯ ಒಳರೋಧ ಮಾತ್ರ. ಸೆಮಿ ಮೋಡಿನಲ್ಲಿ, ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಹೊಡೆತ ಬರುವಾಗ, ಪ್ರತಿ ಹೊಡೆತಕ್ಕೂ ಈ ಏರುಕರೆಂಟ್ ಬರುತ್ತದೆ. ಟ್ರಿಗರ್ ಎಳೆದ ತಕ್ಷಣ ಹೊಡೆಯಬೇಕು ಎನ್ನುವವರಿಗೆ ಕನೆಕ್ಟರ್ ಮುಖ್ಯವಾಗುವುದು ಇಲ್ಲಿಯೇ.

ಬದಲಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಮೂರು. ಟಿ-ಪ್ಲಗ್, ಅಂದರೆ ಡೀನ್ಸ್: ಎರಡು ಚಪ್ಪಟೆ ಪಟ್ಟಿಗಳು, ಒಂದು ಅಡ್ಡ, ಒಂದು ಉದ್ದ. ಏರ್‌ಸಾಫ್ಟ್ ಬ್ಯಾಟರಿಗಳಲ್ಲಿ ಇದು ಬಹಳವಾಗಿ ಸಿಗುತ್ತದೆ, ಕರೆಂಟ್ ಹೊರುವುದರಲ್ಲಿ ಕೊರತೆ ಇಲ್ಲ. ತಾಪತ್ರಯವೆಲ್ಲ ಬೆಸುಗೆ ಹಾಕುವಾಗ. ಪಟ್ಟಿ ತೆರೆದಿರುತ್ತದೆ, ವೈರು ಕೂರಲು ಬಟ್ಟಲಿಲ್ಲ. ನಕಲಿ ಪ್ಲಗ್ಗುಗಳ ಪ್ಲಾಸ್ಟಿಕ್ ಐರನ್ ತಗುಲಿದ ಎರಡು ಸೆಕೆಂಡಿಗೇ ಮೆತ್ತಗಾಗಿ ಪಟ್ಟಿ ವಾಲುತ್ತದೆ. ವಾಲಿದ ಪಟ್ಟಿ ಜೋಡಿಯೊಳಗೆ ಅರ್ಧ ಮಾತ್ರ ತಾಗುತ್ತದೆ. ಕಣ್ಣಿಗೆ ಹೊಸದು, ಕೆಲಸದಲ್ಲಿ ಹಳೆ ಮಿನಿ ಟಮಿಯಾಗಿಂತ ಕಡೆ.

ಎಕ್ಸ್‌ಟಿ60 ಗಟ್ಟಿಮುಟ್ಟು: 3.5 ಮಿಲಿಮೀಟರ್ ದುಂಡು ಪಿನ್, ನೈಲಾನ್ ಹೊರಕವಚ, ವೈರಿಗೆ ದೊಡ್ಡ ಬಟ್ಟಲು. ಆದರೆ ಅಗಲ ಸುಮಾರು 16 ಮಿಲಿಮೀಟರ್. ಅಗಲದ ಸ್ಟಾಕ್, ದೊಡ್ಡ ಹ್ಯಾಂಡ್‌ಗಾರ್ಡ್ ಇದ್ದರೆ ಹಾಕಿ. ಬಫರ್ ಟ್ಯೂಬಿನಲ್ಲಿ ಬ್ಯಾಟರಿ, ವೈರು, ಇದು ಮೂರೂ ಕೂರಬೇಕೆಂದರೆ ಮುಚ್ಚಳ ಹಾಕುವಾಗ ಬ್ಯಾಟರಿಯನ್ನು ಒತ್ತಿ ತುರುಕಬೇಕಾಗುತ್ತದೆ. ಲಿಪೊ ಚೀಲವನ್ನು ಒತ್ತಿ ತುರುಕುವ ಯಾವ ಜೋಡಣೆಯೂ ಸರಿಯಲ್ಲ.

ಎಕ್ಸ್‌ಟಿ30 ಅದರ ತಮ್ಮ. ಪಿನ್ 2 ಮಿಲಿಮೀಟರ್, ಅಗಲ ಸುಮಾರು 10. ಹೆಸರಿನಲ್ಲಿ 30 ಇದೆಯೆಂದು 30 ಆಂಪಿಯರನ್ನು ಎಡೆಬಿಡದೆ ಹೊರುತ್ತದೆ ಎಂದುಕೊಳ್ಳಬೇಡಿ. ಸತತ ಕರೆಂಟಿಗೆ 15, ಕ್ಷಣಮಾತ್ರಕ್ಕೆ 30 ಎಂದೇ ಅದರ ವಿವರಪಟ್ಟಿ ಹೇಳುವುದು. ಏರ್‌ಸಾಫ್ಟ್ ಗನ್ ಎಡೆಬಿಡದೆ ಓಡುವ ಯಂತ್ರವಲ್ಲ, ಹೊಡೆತದ ನಡುವೆ ಬಿಡುವಿದೆ. ಹಾಗಾಗಿ 11.1 ವೋಲ್ಟಿನ ಸಾಧಾರಣ ಗನ್ನಿಗೆ ಎಕ್ಸ್‌ಟಿ30 ಧಾರಾಳ. ಡ್ರಮ್ ಮ್ಯಾಗಜೀನ್ ಹಾಕಿ ಟ್ರಿಗರ್ ಹಿಡಿದಷ್ಟು ಹೊತ್ತೂ ಉದ್ದುದ್ದ ಫುಲ್ ಆಟೋ ಹೊಡೆಯುವ ಸಪೋರ್ಟ್ ಗನ್ನಾದರೆ ಎಕ್ಸ್‌ಟಿ60 ಅಥವಾ ಟಿ-ಪ್ಲಗ್ ಸರಿ.

ಇನ್ನೊಂದು ಮಾತು. ಇರುವ ಬ್ಯಾಟರಿಗಳೆಲ್ಲ ಟಿ-ಪ್ಲಗ್ ಆಗಿದ್ದರೆ ಗನ್ನಿಗೂ ಟಿ-ಪ್ಲಗ್ ಹಾಕಿ, ವಿಷಯ ಮುಗಿಯಿತು. ಗನ್ನಿಗೊಂದು, ಬ್ಯಾಟರಿಗೊಂದು ಇಟ್ಟುಕೊಂಡು ನಡುವೆ ಅಡಾಪ್ಟರ್ ಹಾಕುವುದೆಂದರೆ ಒಂದು ಜೋಡಿಯ ಜಾಗದಲ್ಲಿ ಎರಡು ಜೋಡಿ, ರೋಧವೂ ಎರಡು ಪಟ್ಟು. ಚಾರ್ಜರ್ ಕಡೆ ಅಡಾಪ್ಟರ್ ಇದ್ದರೆ ಚಿಂತೆ ಇಲ್ಲ. 1200 ಮಿಲಿಆಂಪ್-ಅವರ್ ಬ್ಯಾಟರಿಗೆ ಮಾಮೂಲಿ ದರದಲ್ಲಿ ಹೋಗುವುದು ಬರೀ 1.2 ಆಂಪಿಯರ್.

ಈ ಗನ್ನಿಗೆ ಬಫರ್ ಟ್ಯೂಬಿನ ಜಾಗ ನೋಡಿ ಎಕ್ಸ್‌ಟಿ30.

ಬೇಕಾದ ಸಾಮಾನು

ಒಂದು ಗನ್, ಎರಡು ಬ್ಯಾಟರಿಗೆ ಲೆಕ್ಕ: ಎಕ್ಸ್‌ಟಿ30 ಗಂಡು (ಪಿನ್ ಇರುವುದು) ಒಂದು, ಹೆಣ್ಣು (ಪಿನ್ ಕೂರುವ ರಂಧ್ರ ಇರುವುದು) ಎರಡು, ಚಾರ್ಜರ್ ವೈರಿಗೆ ಗಂಡು ಇನ್ನೊಂದು. ಇವುಗಳ ಮೇಲೆ ಒಂದು ಜೋಡಿ ಹೆಚ್ಚಿಗೆ ತನ್ನಿ. ಆ ಜೋಡಿ ಬೆಸುಗೆ ಹಾಕುವಾಗ ಹಿಡಿಕೆಯಾಗಿ ಕೆಲಸಕ್ಕೆ ಬರುತ್ತದೆ. ಕೆಂಪು, ಕಪ್ಪು 16 ಗೇಜ್ ಸಿಲಿಕೋನ್ ವೈರು ಅರ್ಧರ್ಧ ಮೀಟರ್, ಪೂರ್ತಿ ವೈರಿಂಗ್ ಬದಲಿಸುವುದಾದರೆ ಮಾತ್ರ. 16 ಗೇಜ್ ಸಿಲಿಕೋನ್ ವೈರಿನ ಹೊರವ್ಯಾಸ ಸುಮಾರು 3 ಮಿಲಿಮೀಟರ್, 18 ಗೇಜಿನದು 2.3. ಹೀಟ್ ಶ್ರಿಂಕ್ ಸ್ಲೀವ್ 4 ಅಥವಾ 5 ಮಿಲಿಮೀಟರ್ ವ್ಯಾಸದ್ದು, ಬಿಸಿಗೆ ಅರ್ಧಕ್ಕೆ ಕುಗ್ಗುವಂಥದ್ದು, ಒಂದೊಂದು ಬಟ್ಟಲಿಗೆ 12 ಮಿಲಿಮೀಟರಿನ ತುಂಡು.

ಸೋಲ್ಡರ್ 63/37 ಇದ್ದರೆ ಒಳ್ಳೆಯದು. ಅದು ನಡುವೆ ಅಂಟಂಟಾಗುವ ಹಂತವಿಲ್ಲದೆ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. ಬಿಸಿಯಾಗಿರುವಾಗ ಕೈ ಅಲುಗಿ ಜೋಡಣೆ ಕೆಡುವ ಸಾಧ್ಯತೆ ಕಡಿಮೆ. ಸೀಸವಿಲ್ಲದ ಸೋಲ್ಡರ್ 217 ಡಿಗ್ರಿಯ ಮೇಲೆ ಕರಗುತ್ತದೆ. ಆದೀತು, ಆದರೆ ಐರನ್ 20-30 ಡಿಗ್ರಿ ಹೆಚ್ಚು ಇಡಬೇಕು. ಸೋಲ್ಡರ್ ಚೆನ್ನಾಗಿ ಹತ್ತಲು ಸವರುವ ಫ್ಲಕ್ಸ್ ರೋಸಿನ್ ಜಾತಿಯದೇ ಇರಲಿ. ಕೊಳಾಯಿ ಕೆಲಸದ ಆಮ್ಲದ ಪೇಸ್ಟ್ ಬೇಡವೇ ಬೇಡ, ಅದು ಎಳೆಗಳ ನಡುವೆ ಉಳಿದು ತಾಮ್ರವನ್ನು ಹಸಿರಾಗಿಸಿ ತಿನ್ನುತ್ತದೆ.

ಐರನ್ ವಿಷಯದಲ್ಲಿ ಜಿಪುಣತನ ಬೇಡ. 60 ವಾಟ್, ಉಷ್ಣತೆ ಹೊಂದಿಸುವಂಥದ್ದು, ತುದಿ ಉಳಿಯಂತೆ ಚಪ್ಪಟೆ, ಅಗಲ 3ರಿಂದ 4 ಮಿಲಿಮೀಟರ್. ಸೂಜಿತುದಿಯ 25 ವಾಟ್ ಐರನ್ "ಮೆದುವಾಗಿ" ಕೆಲಸ ಮಾಡುತ್ತದೆಂಬ ನಂಬಿಕೆ ತಲೆಕೆಳಗು. ಅದರಲ್ಲಿ ಶಾಖದ ದಾಸ್ತಾನಿಲ್ಲ, ತಾಮ್ರಕ್ಕೆ ತಾಗಿದ ಕ್ಷಣ ತಣ್ಣಗಾಗುತ್ತದೆ. ಸೋಲ್ಡರ್ ಕರಗಲು ಹದಿನೈದಿಪ್ಪತ್ತು ಸೆಕೆಂಡು ಹಿಡಿಯಬೇಕು. ಅಷ್ಟರಲ್ಲಿ ಬಿಸಿ ಪಿನ್ನಿನುದ್ದಕ್ಕೂ ಹರಿದು ನೈಲಾನ್ ಮೆತ್ತಗಾಗಿರುತ್ತದೆ. ದಪ್ಪ ತುದಿ, 350-370 ಡಿಗ್ರಿ, ಮೂರು ನಾಲ್ಕು ಸೆಕೆಂಡು, ಅಲ್ಲಿಗೆ ಕೆಲಸ ಆಗಿರಬೇಕು.

ಕತ್ತರಿಸುವ ಮೊದಲು

ಮ್ಯಾಗಜೀನ್ ತೆಗೆಯಿರಿ, ಬ್ಯಾರೆಲ್ಲಿನಲ್ಲಿ ಬಿಬಿ ಗುಂಡು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಬ್ಯಾಟರಿ ಬಿಚ್ಚಿ ಟೇಬಲ್ಲಿನಿಂದಲೇ ದೂರ ಇಡಿ. ಆಮೇಲೆ ಪ್ಲಸ್-ಮೈನಸ್ ಗುರುತು. ಬ್ಯಾಟರಿಯ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ಪ್ಲಸ್ ಯಾವ ರಂಧ್ರವೆಂದು ನೋಡಿ, ಅದಕ್ಕೆ ಎದುರಾಗುವ ಗನ್ನಿನ ವೈರಿಗೆ ಟೇಪ್ ಸುತ್ತಿ "ಪ್ಲಸ್" ಎಂದು ಬರೆಯಿರಿ. ವೈರಿನ ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಎರಡೂ ಕಪ್ಪು ವೈರು ಬಂದ ಗನ್ನುಗಳಿವೆ, ಹಿಂದೆ ಯಾರೋ ಕೈಯಾಡಿಸಿ ಅದಲುಬದಲು ಮಾಡಿದ್ದೂ ಇರುತ್ತದೆ.

ಇದಕ್ಕೆ ಇಷ್ಟು ಒತ್ತು ಯಾಕೆಂದರೆ ತಿರುಗುಮುರುಗಾದರೆ ಆಗುವ ನಷ್ಟ ಸಣ್ಣದಲ್ಲ. ಮೋಟರ್ ಹಿಮ್ಮುಖ ತಿರುಗಲು ನೋಡುತ್ತದೆ, ಗೇರ್‌ಬಾಕ್ಸಿನ ಆಂಟಿ-ರಿವರ್ಸಲ್ ಲ್ಯಾಚ್ ಬಿಡುವುದಿಲ್ಲ, ನಿಂತ ಮೋಟರಿಗೆ ಪೂರ್ತಿ ಕರೆಂಟ್ ನುಗ್ಗುತ್ತದೆ. ಫ್ಯೂಸ್ ಇದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಸುರುಳಿ ಅಥವಾ ಟ್ರಿಗರ್ ಕಾಂಟ್ಯಾಕ್ಟ್ ಸುಡುತ್ತದೆ. ಮಾಸ್‌ಫೆಟ್ (ಮೋಟರಿಗೆ ಕರೆಂಟ್ ಹಾಯಿಸುವ ಎಲೆಕ್ಟ್ರಾನಿಕ್ ಸ್ವಿಚ್) ಇರುವ ಗನ್ನಿನಲ್ಲಿ ಟ್ರಿಗರ್ ಎಳೆಯುವವರೆಗೂ ಕಾಯಬೇಕಿಲ್ಲ. ಒಳಗಿನ ಡಯೋಡುಗಳು ಉಲ್ಟಾ ದಿಕ್ಕಿನಲ್ಲಿ ನೇರವಾಗಿ ಕರೆಂಟ್ ಹಾಯಿಸುತ್ತವೆ, ಪ್ಲಗ್ ಚುಚ್ಚಿದ ಕ್ಷಣವೇ ಹೊಗೆ.

ಎಕ್ಸ್‌ಟಿ ಕನೆಕ್ಟರಿನಲ್ಲಿ ಪ್ಲಸ್, ಮೈನಸ್ ಪ್ಲಾಸ್ಟಿಕ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಸಾಲದ್ದಕ್ಕೆ ಚೌಕವಾಗಿರುವ ತುದಿ ಪ್ಲಸ್, ಮೂಲೆ ಕೆತ್ತಿದಂತಿರುವ ತುದಿ ಮೈನಸ್. ಬ್ಯಾಟರಿ ಕಡೆಗೆ ಯಾವಾಗಲೂ ಹೆಣ್ಣು, ಅಂದರೆ ಲೋಹ ಪ್ಲಾಸ್ಟಿಕ್ಕಿನೊಳಗೆ ಅಡಗಿರುವುದು. ಜೀವಂತ ಕರೆಂಟ್ ಇರುವ ಕಡೆ ಪಿನ್ ಹೊರಗೆ ಚಾಚಿರಬಾರದು. ಕೀಲಿಗೊಂಚಲು ತಾಗಿದರೂ ಶಾರ್ಟ್.

ಗನ್ನಿನ ಕಡೆ

ಹಳೆ ಕನೆಕ್ಟರಿನಿಂದ 2-3 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಬಿಸಿಯಾಗಿ ಓಡಿದ ಕನೆಕ್ಟರಿನ ಹತ್ತಿರದ ತಾಮ್ರ ಕಪ್ಪಾಗಿರುತ್ತದೆ, ಕಪ್ಪು ಎಳೆಗೆ ಸೋಲ್ಡರ್ ಹತ್ತುವುದಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತಾ ಹೋಗಿ. ಆಮೇಲೆ ವೈರು ಬ್ಯಾಟರಿ ಕೂರುವ ಜಾಗದವರೆಗೆ ಮುಟ್ಟುತ್ತದೆಯೇ ಅಳೆಯಿರಿ. ಮುಟ್ಟದಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ಹೊಸ ವೈರು ಎಳೆಯುವುದೇ ಮೇಲು, ತುಂಡಿಗೆ ತುಂಡು ಜೋಡಿಸುವುದು ತಾತ್ಕಾಲಿಕ.

ಈಗಲೇ ಹೀಟ್ ಶ್ರಿಂಕ್ ತುಂಡನ್ನು ವೈರಿಗೆ ತೂರಿಸಿ, ಬೆಸುಗೆಯ ಬಿಸಿ ತಗುಲದಷ್ಟು ಹಿಂದಕ್ಕೆ ಸರಿಸಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಈ ಹೆಜ್ಜೆಗೆಂದೇ ಹುಟ್ಟಿದಂತಿದೆ: ಮುತ್ತಿನಂಥ ಬೆಸುಗೆ ಹಾಕಿ ಮುಗಿಸಿದ ಮೇಲೆ ಸ್ಲೀವ್ ಟೇಬಲ್ ಮೇಲೆ ಬಿದ್ದಿರುತ್ತದೆ.

ವೈರಿನ ಹೊದಿಕೆ ಸುಲಿಯುವುದು ಬಟ್ಟಲಿನ ಆಳಕ್ಕಿಂತ ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚು. ಎಕ್ಸ್‌ಟಿ30ಕ್ಕೆ ಸುಮಾರು 4 ಮಿಲಿಮೀಟರ್ ಸಾಕು, ಎಕ್ಸ್‌ಟಿ60 ಆದರೆ 5-6. ಸಿಲಿಕೋನ್ ವೈರಿನ ಎಳೆಗಳು 0.08 ಮಿಲಿಮೀಟರಿನವು, 16 ಗೇಜಿನಲ್ಲಿ 252 ಎಳೆ. ಬ್ಲೇಡಿನಲ್ಲಿ ಸುಲಿದರೆ ಹತ್ತಾರು ಎಳೆ ಒಮ್ಮೆಗೇ ಹೋಗುತ್ತವೆ. ಸ್ಟ್ರಿಪ್ಪರ್ ಬಳಸಿ, ತುಸು ತಿರುಚಿ, ಫ್ಲಕ್ಸ್ ಸವರಿ.

ಮೊದಲು ವೈರಿಗೆ ಟಿನ್, ಅಂದರೆ ಸೋಲ್ಡರಿನ ತೆಳು ಲೇಪ. ಐರನ್ ತುದಿಯನ್ನು ಕೆಳಗಿನಿಂದ ತಾಗಿಸಿ, ಸೋಲ್ಡರನ್ನು ಮೇಲಿನಿಂದ ತಾಮ್ರಕ್ಕೇ ಮುಟ್ಟಿಸಿ, ಐರನ್ನಿಗಲ್ಲ. ತಾಮ್ರ ತಾನೇ ಸೋಲ್ಡರನ್ನು ಎಳೆದುಕೊಳ್ಳಬೇಕು. ಮುಗಿದಾಗ ಎಳೆಗಳ ಗೆರೆ ಸೋಲ್ಡರಿನ ಕೆಳಗೆ ಮಸುಕಾಗಿ ಕಾಣುತ್ತಿರಬೇಕು. ಗೆರೆ ಮುಚ್ಚಿ ಉಂಡೆಯಾಗಿದ್ದರೆ ಹೆಚ್ಚಾಯಿತು, ಬಟ್ಟಲಿಗೆ ಹೋಗುವುದಿಲ್ಲ. ಸೋಲ್ಡರ್ ಹೊದಿಕೆಯೊಳಗೆ ಹತ್ತಿಹೋಗಲು ಬಿಡಬೇಡಿ. ಒಳಗೆ ಹತ್ತಿದಷ್ಟು ಉದ್ದ ವೈರು ಕಡ್ಡಿಯಾಗುತ್ತದೆ. ಬ್ಯಾಟರಿ ಹಾಕಿ ತೆಗೆದು ಮಾಡುವಾಗ ಆ ಕಡ್ಡಿ ಮುಗಿಯುವ ಜಾಗದಲ್ಲೇ, ಹೊದಿಕೆಯ ಕೆಳಗೆ ಕಣ್ಣಿಗೆ ಕಾಣದಂತೆ, ಎಳೆಗಳು ಒಂದೊಂದಾಗಿ ಮುರಿಯುತ್ತವೆ.

ಎಕ್ಸ್‌ಟಿ30 ಗಂಡಿಗೆ ಹೆಚ್ಚಿಗೆ ತಂದ ಹೆಣ್ಣನ್ನು ಚುಚ್ಚಿ ವೈಸಿನಲ್ಲಿ ಹಿಡಿಸಿ. ಜೋಡಿ ಒಳಗಿದ್ದರೆ ಪಿನ್ ಬಿಸಿಗೆ ವಾಲುವುದಿಲ್ಲ, ಸ್ವಲ್ಪ ಶಾಖವನ್ನೂ ಅದು ಹೀರಿಕೊಳ್ಳುತ್ತದೆ. ಅದು ಬಿಡಿ ಕನೆಕ್ಟರೇ ಆಗಿರಬೇಕು. ಬ್ಯಾಟರಿಗೆ ಸೇರಿರುವ ಹೆಣ್ಣನ್ನೇ ಹಿಡಿಕೆ ಮಾಡಿಕೊಂಡರೆ ನೀವು ಬೆಸುಗೆ ಹಾಕುತ್ತಿರುವುದು ಜೀವಂತ ಪಿನ್ನುಗಳಿಗೆ.

ಬಟ್ಟಲಿನ ತೆರೆದ ಬದಿ ಮೇಲಕ್ಕೆ ಬರುವಂತೆ ಇಟ್ಟುಕೊಳ್ಳಿ. ಒಂದು ಹನಿ ಫ್ಲಕ್ಸ್. ಐರನ್ ತುದಿಯ ಚಪ್ಪಟೆ ಮೈಯನ್ನು ಬಟ್ಟಲಿನ ಹೊರಗೋಡೆಗೆ ಒತ್ತಿ, ಒಳಗೆ ಸೋಲ್ಡರ್ ಕೊಡಿ, ಮೂರನೇ ಎರಡು ಭಾಗ ತುಂಬಿದರೆ ಸಾಕು. ಐರನ್ ತೆಗೆಯದೆ, ಟಿನ್ ಮಾಡಿದ ವೈರನ್ನು ಮೇಲಿನಿಂದ ನಿಧಾನಕ್ಕೆ ಇಳಿಸಿ. ತಣ್ಣಗಿನ ವೈರು ತಾಗಿದೊಡನೆ ಬಟ್ಟಲಿನ ಸೋಲ್ಡರ್ ಒಂದು ಕ್ಷಣ ಮಂಕಾಗಿ ಹೆಪ್ಪುಗಟ್ಟುತ್ತದೆ, ಮರುಕ್ಷಣ ಮತ್ತೆ ಕರಗಿ ಹೊಳೆಯುತ್ತದೆ, ವೈರು ತಳಕ್ಕೆ ಜಾರುತ್ತದೆ. ಎರಡನೇ ಸಲ ಹೊಳೆದ ಮೇಲೇ ಐರನ್ ತೆಗೆಯಬೇಕು. ಮೊದಲೇ ತೆಗೆದರೆ ವೈರಿನ ಸೋಲ್ಡರೂ ಬಟ್ಟಲಿನ ಸೋಲ್ಡರೂ ಪಕ್ಕಪಕ್ಕ ಕೂತಿರುತ್ತವೆ, ಒಂದಾಗಿರುವುದಿಲ್ಲ. ಕೋಲ್ಡ್ ಜಾಯಿಂಟ್ ಎನ್ನುವುದು ಇದಕ್ಕೇ. ಐರನ್ ತೆಗೆದ ಮೇಲೆ ಐದು ಸೆಕೆಂಡು ವೈರು ಅಲುಗಬಾರದು. ಊದಿ ಆರಿಸುವ ಅಭ್ಯಾಸವೂ ಬೇಡ.

ಸೀಸದ ಸೋಲ್ಡರಾದರೆ ಮೈ ನುಣುಪಾಗಿ ಹೊಳೆಯಬೇಕು. ಸೀಸವಿಲ್ಲದ್ದು ಸರಿಯಾಗಿದ್ದರೂ ತುಸು ಮಂಕಾಗಿಯೇ ಕಾಣುತ್ತದೆ. ಅಲ್ಲಿ ಹೊಳಪು ನೋಡಬೇಡಿ, ಅಂಚು ನೋಡಿ. ಸೋಲ್ಡರ್ ಗೋಡೆಗೆ ಹರಡಿ ಅಂಟಿದ್ದರೆ ಸರಿ, ಗೋಡೆಯಿಂದ ದೂರ ಗುಂಡಗೆ ನಿಂತಿದ್ದರೆ ಫ್ಲಕ್ಸ್ ಹಾಕಿ ಮತ್ತೆ ಕರಗಿಸಿ.

ಕನೆಕ್ಟರ್ ಪೂರ್ತಿ ಆರಿದ ಮೇಲೆ ಎರಡನೇ ಬಟ್ಟಲು. ಬಿಸಿಯ ಮೇಲೆ ಬಿಸಿ ಹಾಕಿದರೆ ಮೊದಲ ಪಿನ್ ಸರಿಯುತ್ತದೆ. ಎರಡೂ ಆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಫ್ಲಕ್ಸ್ ಒರೆಸಿ, ಒಂದೊಂದು ವೈರನ್ನೂ ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ, ಸ್ಲೀವ್ ಮುಂದಕ್ಕೆ ತಂದು ಹಾಟ್ ಏರಿನಲ್ಲಿ ಕುಗ್ಗಿಸಿ. ಸ್ಲೀವ್ ಬಟ್ಟಲನ್ನು ಪೂರ್ತಿ ಮುಚ್ಚಿ ವೈರಿನ ಹೊದಿಕೆಯ ಮೇಲೆ 5-6 ಮಿಲಿಮೀಟರ್ ಬರಬೇಕು. ವೈರು ಬಾಗುವ ಒತ್ತಡ ಬೆಸುಗೆಯ ಬಾಯಿಗೆ ಬೀಳದಂತೆ ತಡೆಯುವುದು ಅದೇ.

ಟಿ-ಪ್ಲಗ್ ಆಗಿದ್ದರೆ ಕ್ರಮ ಇದೇ, ಬಟ್ಟಲಿನ ಬದಲು ಪಟ್ಟಿಗೂ ಮೊದಲು ಟಿನ್ ಮಾಡಿ, ವೈರನ್ನು ಪಟ್ಟಿಯ ಮೇಲೆ ಮಲಗಿಸಿ ಮೇಲಿನಿಂದ ಐರನ್ ಒತ್ತಬೇಕು. ಪಟ್ಟಿಯನ್ನು ಅರದಲ್ಲಿ ಒಂದೆರಡು ಸಲ ಉಜ್ಜಿಕೊಂಡರೆ ಸೋಲ್ಡರ್ ಬೇಗ ಹತ್ತುತ್ತದೆ.

ಬ್ಯಾಟರಿಯ ಕಡೆ

ಇಲ್ಲಿ ಸ್ವಿಚ್ ಇಲ್ಲ, ವೈರಿನಲ್ಲಿ ಯಾವಾಗಲೂ ಕರೆಂಟ್ ಇದೆ. ಕಟ್ಟರಿನ ಬಾಯಿಗೆ ಎರಡೂ ವೈರು ಒಟ್ಟಿಗೆ ಕೊಟ್ಟರೆ ಕಟ್ಟರೇ ಶಾರ್ಟ್. ಕಿಡಿ ಹಾರಿ ಬಾಯಿ ಕರಗುವುದಷ್ಟೇ ಅಲ್ಲ, ಲಿಪೊ ಸೆಲ್ ಉಬ್ಬಿ ಬೆಂಕಿಯವರೆಗೂ ಹೋಗಬಹುದು. ಮೊದಲು ಸೆಲ್ಲುಗಳನ್ನು ಸ್ಟೋರೇಜ್ ಮಟ್ಟಕ್ಕೆ, ತಲಾ 3.8 ವೋಲ್ಟಿನ ಆಸುಪಾಸಿಗೆ ತನ್ನಿ. ಉಬ್ಬಿದ ಬ್ಯಾಟರಿಗೆ ಹೊಸ ಕನೆಕ್ಟರ್ ಹಾಕುವ ಯೋಚನೆಯೇ ಬೇಡ, ಅದು ವಿಲೇವಾರಿಗೆ.

ಮೈನಸ್ ವೈರು ಒಂದನ್ನೇ ಕತ್ತರಿಸಿ, ಸ್ಲೀವ್ ತೂರಿಸಿ, ಟಿನ್ ಮಾಡಿ, ಹೆಣ್ಣು ಕನೆಕ್ಟರಿಗೆ ಬೆಸೆದು ಸ್ಲೀವ್ ಕುಗ್ಗಿಸಿ ಮುಗಿಸಿ. ಆಮೇಲೆ ಪ್ಲಸ್ ಕತ್ತರಿಸಿ. ಒಂದು ಧ್ರುವ ಪೂರ್ತಿ ಮುಚ್ಚಿದ ಮೇಲೆ ಇನ್ನೊಂದು ತೆರೆದರೆ ಶಾರ್ಟಿಗೆ ದಾರಿಯೇ ಇರುವುದಿಲ್ಲ. ಈ ಸಲ ಹಿಡಿಕೆಗೆ ವೈರಿಲ್ಲದ ಬಿಡಿ ಗಂಡನ್ನು ಚುಚ್ಚಿಕೊಳ್ಳಿ, ಅದರ ಹಿಂಬದಿಯ ಬಟ್ಟಲುಗಳಿಗೂ ಟೇಪ್ ಸುತ್ತಿರಿ, ವೈಸಿನ ಕಬ್ಬಿಣದ ಬಾಯಿಗೆ ಮರದ ಚೂರು ಕೊಡಿ. ಹಾಟ್ ಏರ್ ಗಾಳಿ ಸೆಲ್ಲಿನ ಕಡೆ ಬೀಸದಂತೆ ನೋಡಿಕೊಳ್ಳಿ, ಲೈಟರ್ ಇಲ್ಲಿಗೆ ತರಲೇಬೇಡಿ. ಬಿಳಿಯ ಸಣ್ಣ ಬ್ಯಾಲೆನ್ಸ್ ಪ್ಲಗ್ಗಿಗೆ ಕೈ ಹಾಕುವುದಿಲ್ಲ, ಅದು ಚಾರ್ಜಿಗೆ ಮಾತ್ರ.

ಮುಗಿದ ಕೂಡಲೇ ಮಲ್ಟಿಮೀಟರ್: ಚೌಕ ತುದಿಗೆ ಕೆಂಪು, ಕೆತ್ತಿದ ತುದಿಗೆ ಕಪ್ಪು. 11.4ರ ಆಸುಪಾಸು, ಮುಂದೆ ಮೈನಸ್ ಚಿಹ್ನೆ ಇಲ್ಲದೆ ಬರಬೇಕು.

ಪರೀಕ್ಷೆ

ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಬೆಸುಗೆ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ, ಏಕೆಂದರೆ ಮೀಟರಿನ ಸ್ವಂತ ವೈರುಗಳೇ ಕಾಲು ಓಮ್ ತೋರಿಸುತ್ತವೆ. ಕರೆಂಟ್ ಮಿತಿ ಇಡಬಹುದಾದ ಬೆಂಚ್ ಸಪ್ಲೈ ಇದ್ದರೆ ದಾರಿ ಇದೆ. ಮಾಸ್‌ಫೆಟ್ ಇಲ್ಲದ ಗನ್ನಿನಲ್ಲಿ ಮೋಟರ್ ಬಿಚ್ಚಿ, ಮೋಟರಿನ ಎರಡು ವೈರು ಒಂದಕ್ಕೊಂದು ಸೇರಿಸಿ, ಹೆಣ್ಣು ಕನೆಕ್ಟರಿನ ಮೂಲಕ 5 ಆಂಪಿಯರ್ ಕೊಟ್ಟು ಟ್ರಿಗರ್ ಹಿಡಿದುಕೊಳ್ಳಿ. ಸ್ಲೀವ್ ಕುಗ್ಗಿಸುವ ಮೊದಲು ಇದನ್ನು ಮಾಡಿದರೆ ಅನುಕೂಲ. ಒಂದು ಬದಿಯ ಬಟ್ಟಲಿನ ಹಿಂದಿನ ತಾಮ್ರದಿಂದ ಎದುರು ಬದಿಯ ತಾಮ್ರಕ್ಕೆ ಮಿಲಿವೋಲ್ಟ್ ಅಳೆಯಿರಿ. 10 ಮಿಲಿವೋಲ್ಟ್ ಎಂದರೆ 2 ಮಿಲಿಓಮ್. ಒಳ್ಳೆಯ ಜೋಡಿ ಇದಕ್ಕಿಂತ ಕೆಳಗೇ ಇರುತ್ತದೆ. ಪ್ಲಸ್, ಮೈನಸ್ ಎರಡರ ಓದು ಹತ್ತಿರ ಹತ್ತಿರ ಇರಬೇಕು, ಒಂದು ಇನ್ನೊಂದರ ಮೂರು ಪಟ್ಟಿದ್ದರೆ ಆ ಬೆಸುಗೆ ಮತ್ತೆ ಹಾಕಿ.

ಬೆಂಚ್ ಸಪ್ಲೈ ಇಲ್ಲದವರಿಗೆ ಬೆರಳೇ ಸಾಧನ. ಬ್ಯಾಟರಿ ಹಾಕಿ ಸೆಮಿಯಲ್ಲಿ ಮೂವತ್ತು ನಲವತ್ತು ಹೊಡೆತದ ನಂತರ ಕೂಡಲೇ ಬ್ಯಾಟರಿ ಬಿಚ್ಚಿ, ಕನೆಕ್ಟರ್, ಫ್ಯೂಸ್ ಹೋಲ್ಡರ್, ಮೋಟರಿನ ಚಪ್ಪಟೆ ಟರ್ಮಿನಲ್ ಮುಟ್ಟಿನೋಡಿ. ಬಿಸಿ ಎಲ್ಲಿದೆಯೋ ತೊಂದರೆ ಅಲ್ಲಿದೆ. ಕನೆಕ್ಟರ್ ತಣ್ಣಗಿದ್ದು ಮೋಟರ್ ಟರ್ಮಿನಲ್ ಬಿಸಿಯಾದರೆ ಆ ಟರ್ಮಿನಲ್ ಸಡಿಲಾಗಿದೆ, ಇಕ್ಕಳದಲ್ಲಿ ತುಸುವೇ ಅಮುಕಿ ಅಥವಾ ಹೊಸದು ಹಾಕಿ. ಹೋಲ್ಡರ್ ಬಿಸಿಯಾದರೆ ಅದನ್ನು ಬದಲಿಸಿ, ಆದರೆ ರೋಧ ಉಳಿಸಲೆಂದು ಫ್ಯೂಸನ್ನೇ ಕಿತ್ತುಹಾಕುವುದು ಮಾಸ್‌ಫೆಟ್ಟಿನಲ್ಲೇ ಎಲೆಕ್ಟ್ರಾನಿಕ್ ಫ್ಯೂಸ್ ಇರುವ ಗನ್ನಿಗೆ ಮಾತ್ರ ಸಲ್ಲುತ್ತದೆ. ಮಾಮೂಲಿ ವೈರಿಂಗಿಗೆ 20-25 ಆಂಪಿಯರಿನ ಬ್ಲೇಡ್ ಫ್ಯೂಸ್ ಇರಲಿ. ಗೇರ್ ಸಿಕ್ಕಿಹಾಕಿಕೊಂಡ ದಿನ ಬ್ಯಾಟರಿಯನ್ನು ಕಾಯುವುದು ಅದೊಂದೇ.

ಎಕ್ಸ್‌ಟಿ30 ಹೊಸದರಲ್ಲಿ ಬಹಳ ಬಿಗಿ. ವೈರು ಹಿಡಿದು ಎಳೆಯದೆ ಎರಡೂ ಕವಚಗಳನ್ನು ಬೆರಳಲ್ಲಿ ಹಿಡಿದು ನೇರಕ್ಕೆ ಬಿಡಿಸಿ, ಅಲುಗಾಡಿಸಿ ಕೀಳಬೇಡಿ. ಗಂಡು ಪಿನ್ನಿನ ತುದಿ ಸೀಳಿರುತ್ತದೆ. ಕಾಲಕ್ರಮೇಣ ಸಡಿಲ ಎನಿಸಿದರೆ ಬ್ಲೇಡಿನ ತುದಿಯನ್ನು ಸೀಳಿನೊಳಗೆ ಇಟ್ಟು ಕೂದಲೆಳೆಯಷ್ಟು ಅಗಲಿಸಬಹುದು. ಒಮ್ಮೆ ಅಗಲಿಸಿದ್ದು ಮತ್ತೆ ಸಡಿಲಾದರೆ ಆ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ.